ಯಂತ್ರ ‘ಅಪಾಯವಿಲ್ಲ’ ಎಂದರೆ ನಂಬಬೇಕೆ?

ಮೈಸೂರಿನ ಬಂಡಿಪಾಳ್ಯದ ಎಪಿಎಂಸಿಗೆ ತರಕಾರಿ ತರುವ ರೈತರು ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬಿಯ ಮೇಲೆ ಒಂದು ಬಣ್ಣದ ತ್ರಿಕೋನದ ಗುರುತು ಇರುತ್ತದೆ. ಕೆಂಪಿದ್ದರೆ ಅತಿ ವಿಷ, ಹಳದಿಯಾದರೆ ಅದಕ್ಕಿಂತ ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. 1971ರ ಕೀಟನಾಶಕ ನಿಯಮಗಳ ಪ್ರಕಾರ ಈ ಬಣ್ಣವನ್ನು ನಿರ್ಧರಿಸುವುದು ಮುಖ್ಯವಾಗಿ ಒಂದೇ ಅಳತೆ: ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ದೇಹತೂಕದ ಕಿಲೋಗೆ ಎಷ್ಟು ಮಿಲಿಗ್ರಾಂ ಬೇಕು ಎಂಬುದು. 50ರೊಳಗೆ ಬಂದರೆ ಕೆಂಪು, 5000 ದಾಟಿದರೆ ಹಸಿರು. ಈ ಅಳತೆ ಸುಳ್ಳಲ್ಲ. 2018ರ ಡಿಸೆಂಬರ್‌ನಲ್ಲಿ ಹನೂರು ತಾಲ್ಲೂಕಿನ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದವರನ್ನು ಮೈಸೂರಿನ ಆಸ್ಪತ್ರೆಗಳಿಗೆ ಸಾಗಿಸಿದಾಗ, ಅನ್ನಕ್ಕೆ ಬೆರೆತಿದ್ದದ್ದು ಕೆಂಪು ತ್ರಿಕೋನದ ಮೊನೊಕ್ರೊಟೊಫಾಸ್. 17 ಮಂದಿ ಸತ್ತರು. ತಿಂದ ಕೆಲವೇ ಗಂಟೆಗಳಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ಎಲ್ಲರ ಕಣ್ಣಿಗೂ ಬಿತ್ತು. ನಮ್ಮ ವಿಷಶಾಸ್ತ್ರ, ಕಾನೂನು, ಅಂಗಡಿಯವನ ಎಚ್ಚರಿಕೆಯ ಮಾತು ಎಲ್ಲವೂ ಬೆಳೆದು ಬಂದಿರುವುದು ಇಂಥ ವಿಷವನ್ನು ಎದುರಿಟ್ಟುಕೊಂಡೇ. ಯಾರನ್ನೂ ಕೊಲ್ಲದೆ, ವಾಂತಿಯನ್ನೂ ಮಾಡಿಸದೆ, ಬಸುರಿಯ ಥೈರಾಯ್ಡನ್ನು ಕುಗ್ಗಿಸುವ ಅಥವಾ ಬೆಳೆಯುತ್ತಿರುವ ಹುಡುಗನ ಟೆಸ್ಟೊಸ್ಟೆರೋನನ್ನು ತಗ್ಗಿಸುವ ರಾಸಾಯನಿಕದ ಬಗ್ಗೆ ಈ ತ್ರಿಕೋನ ಏನನ್ನೂ ಹೇಳುವುದಿಲ್ಲ. ಹಾಗೆ ಹೇಳಲು ಅದನ್ನು ರೂಪಿಸಿಯೂ ಇಲ್ಲ.

ಹಾರ್ಮೋನು ಕೆಡಿಸುವ ರಾಸಾಯನಿಕಗಳು ಎಂದು ಕರೆಯುವುದು ಈ ಎರಡನೆಯ ಬಗೆಯವನ್ನು. ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲಿ ಒಪ್ಪಿಕೊಂಡ ವ್ಯಾಖ್ಯಾನದಂತೆ ಇದಕ್ಕೆ ಎರಡು ಸಂಗತಿ ಸಾಬೀತಾಗಬೇಕು: ಹೊರಗಿನಿಂದ ಬಂದ ವಸ್ತು ಅಂತಃಸ್ರಾವ ವ್ಯವಸ್ಥೆಯ ಕೆಲಸವನ್ನು ಬದಲಿಸಬೇಕು, ಆ ಬದಲಾವಣೆಯಿಂದಲೇ ಇಡೀ ಜೀವಿಗೋ ಅದರ ಸಂತತಿಗೋ ಕೇಡಾಗಬೇಕು. ಮೊದಲನೆಯದನ್ನು ಪ್ರಯೋಗಾಲಯದಲ್ಲಿ ತೋರಿಸಬಹುದು. ಎರಡನೆಯದಕ್ಕೆ ವರ್ಷಗಳು, ಕೆಲವೊಮ್ಮೆ ಒಂದು ತಲೆಮಾರೇ ಬೇಕು. ಈ ಕಾಯುವಿಕೆಯ ಬೆಲೆ ಏನೆಂದು ಕನ್ನಡಿಗರಿಗೆ ಬೇರೆ ದೇಶದ ಉದಾಹರಣೆ ಕೊಡಬೇಕಾಗಿಲ್ಲ. ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆ ಗ್ರಾಮದ ಸುತ್ತಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ್ದು ಎರಡು ದಶಕಕ್ಕೂ ಹೆಚ್ಚು ಕಾಲ. ವಿಕಾರವಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ ಕೃಷಿ ಪತ್ರಕರ್ತ ಶ್ರೀಪಡ್ರೆ ಬಹಳ ಮೊದಲೇ ಬರೆದಿದ್ದರು; ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡ ಅಸಹಜತೆಯನ್ನು ದಾಖಲಿಸಿ ಪ್ರಶ್ನೆ ಎತ್ತಿದ್ದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಆ ತೋಟಗಳ ಬುಡದ ಊರಿನ 117 ಶಾಲಾ ಹುಡುಗರನ್ನು, ಸಿಂಪಡಣೆ ಕಾಣದ ಊರಿನ 90 ಹುಡುಗರೊಂದಿಗೆ ಹೋಲಿಸಿ ವರದಿ ಪ್ರಕಟಿಸಿದ್ದು 2003ರಲ್ಲಿ. ಸಿಂಪಡಣೆಗೆ ಸಿಕ್ಕ ಹುಡುಗರಲ್ಲಿ ಪ್ರಾಯದ ಬೆಳವಣಿಗೆ ತಡವಾಗಿತ್ತು, ವಯಸ್ಸಿಗೆ ತಕ್ಕ ಟೆಸ್ಟೊಸ್ಟೆರೋನ್ ಕಡಿಮೆಯಿತ್ತು, ಅದನ್ನು ಉತ್ಪಾದಿಸೆಂದು ಮಿದುಳು ಕಳಿಸುವ ಎಲ್‌ಎಚ್ ಹಾರ್ಮೋನು ಹೆಚ್ಚಿತ್ತು. ಮಾದರಿ ಸಣ್ಣದೆಂದು ಆ ವಿಜ್ಞಾನಿಗಳೇ ಎಚ್ಚರಿಸಿದ್ದರು. ಎಂಡೋಸಲ್ಫಾನಿಗೆ ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ಹಾಕಿದ್ದು 2011ರ ಮೇ 13ರಂದು. ಅಷ್ಟರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲೂ ಅದೇ ಕಥೆ ನಡೆದುಹೋಗಿತ್ತು. ಹೊಲದಲ್ಲಿ ಮಕ್ಕಳ ಮೈಮೇಲೆ ಪ್ರಯೋಗವಾದ ಮೇಲೆ ಫಲಿತಾಂಶ ಓದುವ ಈ ಕ್ರಮವನ್ನು ತಲೆಕೆಳಗು ಮಾಡಿ, ಬಳಕೆಗೆ ಬರುವ ಮುನ್ನವೇ ಸಂಶಯಾಸ್ಪದ ರಾಸಾಯನಿಕಗಳನ್ನು ಹೆಕ್ಕಿ ತೆಗೆಯಬಹುದೇ ಎಂಬುದು ಇಲ್ಲಿಯ ಪ್ರಶ್ನೆ. ಯಂತ್ರಕಲಿಕೆ, ಅಂದರೆ ಮಷೀನ್ ಲರ್ನಿಂಗ್, ಈಗ ಭರವಸೆ ಕೊಡುತ್ತಿರುವುದು ಇದನ್ನೇ.

ಭರವಸೆಯ ಹಿಂದೆ ಲೆಕ್ಕದ ಒತ್ತಡವಿದೆ. ಹಲವು ದೇಶಗಳ ನೋಂದಣಿ ಪಟ್ಟಿಗಳನ್ನು ಒಟ್ಟುಗೂಡಿಸಿ 2020ರಲ್ಲಿ ಎಣಿಸಿದಾಗ ಜಗತ್ತಿನಲ್ಲಿ ಉತ್ಪಾದನೆಗೂ ಬಳಕೆಗೂ ನೋಂದಣಿಯಾದ ರಾಸಾಯನಿಕಗಳು, ಮಿಶ್ರಣಗಳು ಸೇರಿ, 3,50,000 ದಾಟಿದ್ದವು. ಹಾರ್ಮೋನಿನ ಪರಿಣಾಮ ಪರೀಕ್ಷಿಸಲೇಬೇಕೆಂದು ಅಮೆರಿಕದ ಸಂಸತ್ತು ಕಾನೂನು ಮಾಡಿದ್ದು 1996ರಲ್ಲಿ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಮೊದಲ ಹಂತಕ್ಕೆ 11 ಪರೀಕ್ಷೆಗಳನ್ನು ಗೊತ್ತುಮಾಡಿತು. ಅವುಗಳಲ್ಲಿ ಇಲಿ, ಮೀನು, ಕಪ್ಪೆ ಎಲ್ಲ ಬಂದವು. 2015ರ ಹೊತ್ತಿಗೆ, ಅಂದರೆ ಕಾನೂನಾಗಿ 19 ವರ್ಷಕ್ಕೆ, ಮೊದಲ ಹಂತದ ತೀರ್ಪು ಹೊರಬಿದ್ದದ್ದು 52 ರಾಸಾಯನಿಕಗಳ ಬಗ್ಗೆ ಮಾತ್ರ. ಅದೇ ಸಂಸ್ಥೆ ಪರೀಕ್ಷಿಸಬೇಕೆಂದುಕೊಂಡ ಪಟ್ಟಿಯಲ್ಲಿ ಸುಮಾರು 10,000 ಹೆಸರುಗಳಿದ್ದವು. ಹಣಕ್ಕೂ ಇಲಿಗಳಿಗೂ ಕೊರತೆಯಿಲ್ಲದ ದೇಶದ ಗತಿಯೇ ಇದಾದರೆ, ಸಮಗ್ರ ರಾಸಾಯನಿಕ ಕಾನೂನಿನ ಕರಡನ್ನು 2020ರಿಂದ ಕೈಯಲ್ಲಿ ಹಿಡಿದುಕೊಂಡೇ ಇರುವ ನಮ್ಮ ದೇಶದಲ್ಲಿ ಒಂದೊಂದನ್ನೂ ಇಲಿಗೆ ತಿನ್ನಿಸಿ ನೋಡುತ್ತೇವೆ ಎನ್ನುವುದು ಬರಿಯ ಮಾತು. ಆದ್ದರಿಂದ ಯಂತ್ರ ಬೇಕೋ ಬೇಡವೋ ಎಂಬ ಚರ್ಚೆ ಮುಗಿದಿದೆ ಎಂದೇ ನನ್ನ ಅಭಿಪ್ರಾಯ. ಉಳಿದಿರುವುದು, ಯಂತ್ರದ ಉತ್ತರವನ್ನು ಯಾವ ಕೆಲಸಕ್ಕೆ ಬಳಸಬೇಕು, ಯಾವುದಕ್ಕೆ ಬಳಸಕೂಡದು ಎಂಬ ಚರ್ಚೆ.

ಯಂತ್ರ ಕಲಿಯುವ ಬಗೆ ನಿಗೂಢವೇನಲ್ಲ. ಹಾರ್ಮೋನು ಕೀಲಿಕೈಯಾದರೆ ಕೋಶದೊಳಗಿನ ಗ್ರಾಹಕ ಪ್ರೋಟೀನು ಬೀಗ. ಕಳ್ಳ ಕೀಲಿಕೈಗಳು ಆ ಬೀಗವನ್ನು ತೆರೆಯಲೂಬಹುದು, ಒಳಗೇ ಸಿಕ್ಕಿಕೊಂಡು ಅಸಲಿಯದು ಒಳಹೋಗದಂತೆ ಮಾಡಲೂಬಹುದು. ಸಾವಿರಾರು ರಾಸಾಯನಿಕಗಳನ್ನು ರೋಬಾಟುಗಳ ಕೈಯಲ್ಲಿ ಕೋಶಗಳ ಮೇಲೆ ಹನಿಸಿ, ಯಾವುದು ಈಸ್ಟ್ರೋಜನ್ ಬೀಗವನ್ನು ಮುಟ್ಟಿತು, ಯಾವುದು ಮುಟ್ಟಲಿಲ್ಲ ಎಂದು ಮೊದಲು ದಾಖಲಿಸುತ್ತಾರೆ. ಆಮೇಲೆ ಪ್ರತಿ ಅಣುವನ್ನೂ ಅದರ ತುಣುಕುಗಳಾಗಿ ಬರೆಯುತ್ತಾರೆ: ಇಲ್ಲಿ ಬೆಂಜೀನ್ ಉಂಗುರವಿದೆ, ಇಲ್ಲಿ ಅದಕ್ಕೆ ಆಮ್ಲಜನಕ ಅಂಟಿದೆ, ಇಲ್ಲಿ ಕ್ಲೋರೀನ್ ಇಲ್ಲ. ಹೀಗೆ ಇದೆ–ಇಲ್ಲಗಳ ಉದ್ದದ ಸಾಲಾದ ಅಣುವನ್ನೂ ಅದರ ಪರೀಕ್ಷಾ ಫಲವನ್ನೂ ಜೊತೆಗಿಟ್ಟು ತೋರಿಸುತ್ತ ಹೋದರೆ, ಯಾವ ತುಣುಕುಗಳ ಕೂಟ ಯಾವ ಫಲಕ್ಕೆ ಹೊಂದುತ್ತದೆ ಎಂಬುದನ್ನು ಗಣಕ ತಾನೇ ಕಂಡುಕೊಳ್ಳುತ್ತದೆ. ಹೀಗೆ ಕಲಿತ ಗಣಕದ ಲೆಕ್ಕವನ್ನೇ ಮಾದರಿ ಎನ್ನುವುದು. 2014ರಲ್ಲಿ ಅಮೆರಿಕದ ಸಂಸ್ಥೆಗಳು ನಡೆಸಿದ ಟಾಕ್ಸ್21 ಸ್ಪರ್ಧೆಯಲ್ಲಿ 12 ಬಗೆಯ ಕೋಶ ಪರೀಕ್ಷೆಗಳ ಫಲವನ್ನು ಊಹಿಸಬೇಕಿತ್ತು. ಒಟ್ಟಾರೆ ಗೆದ್ದದ್ದು ಆಸ್ಟ್ರಿಯಾದ ಲಿನ್ಜ್ ವಿಶ್ವವಿದ್ಯಾಲಯದ ಡೀಪ್‌ಟಾಕ್ಸ್ ಎಂಬ ಆಳ ನರಜಾಲ. ಅದಕ್ಕಿಂತ ನನಗೆ ಮುಖ್ಯವೆನಿಸುವುದು 2016ರಲ್ಲಿ ಫಲ ಪ್ರಕಟಿಸಿದ ಸೆರಾಪ್ ಎಂಬ ಸಾಮೂಹಿಕ ಯೋಜನೆ. ಅದರಲ್ಲಿ 17 ಸಂಶೋಧನಾ ಗುಂಪುಗಳು ಸ್ಪರ್ಧಿಸುವ ಬದಲು ತಮ್ಮ 48 ಮಾದರಿಗಳನ್ನು ಒಟ್ಟಿಗಿಟ್ಟವು. 1,677 ರಾಸಾಯನಿಕಗಳಿಂದ ಕಲಿತು 32,464ರ ಬಗ್ಗೆ ಅಭಿಪ್ರಾಯ ಕೊಟ್ಟವು. ಅವುಗಳಲ್ಲಿ ಸುಮಾರು 4,000ವನ್ನು ಮೊದಲು ಪರೀಕ್ಷಿಸಿ ಎಂದು ಪ್ರತ್ಯೇಕಿಸಿದವು. 2020ರಲ್ಲಿ ಇದೇ ಬಳಗ ಗಂಡುಹಾರ್ಮೋನಿನ ಗ್ರಾಹಕಕ್ಕಾಗಿ ಕಂಪಾರಾ ಎಂಬ ಯೋಜನೆ ಮುಗಿಸಿ 55,000ಕ್ಕೂ ಹೆಚ್ಚು ರಾಸಾಯನಿಕಗಳನ್ನು ಸೋಸಿತು. 19 ವರ್ಷಕ್ಕೆ 52 ಎಂಬುದರ ಪಕ್ಕದಲ್ಲಿ ಇಟ್ಟು ನೋಡಿದರೆ ಇದರ ವೇಗ ತಿಳಿಯುತ್ತದೆ. ಎರಡೂ ಒಂದೇ ಬಗೆಯ ಉತ್ತರವಲ್ಲ ಎಂಬುದನ್ನೂ ಮರೆಯುವಂತಿಲ್ಲ.

ಯಂತ್ರ ನಿಜವಾಗಿ ಗೆಲ್ಲುವುದು ಹೆಸರು ಬದಲಿಸಿಕೊಂಡು ಬರುವ ಹಳೆಯ ಅಣುವನ್ನು ಹಿಡಿಯುವುದರಲ್ಲಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ, ತಗಡಿನ ಡಬ್ಬದ ಒಳಲೇಪದಲ್ಲಿ, ಅಂಗಡಿಯ ಬಿಲ್ಲಿನ ಥರ್ಮಲ್ ಕಾಗದದಲ್ಲಿ ಇರುತ್ತಿದ್ದ ಬಿಸ್ಫಿನಾಲ್-ಎ (ಬಿಪಿಎ) ಬಗ್ಗೆ ಗಲಾಟೆಯಾದಾಗ ಉದ್ಯಮಗಳು ಬಿಸ್ಫಿನಾಲ್-ಎಸ್, ಬಿಸ್ಫಿನಾಲ್-ಎಫ್‌ಗಳತ್ತ ಹೊರಳಿ, ಡಬ್ಬಿಯ ಮೇಲೆ ‘ಬಿಪಿಎ ಇಲ್ಲ’ ಎಂದು ಅಚ್ಚು ಹಾಕಿದವು. ಎರಡು ಫಿನಾಲ್ ಉಂಗುರಗಳ ನಡುವೆ ಒಂದು ಕೊಂಡಿ, ಈ ಮೂರರ ಮೈಕಟ್ಟೂ ಅದೇ. ಅವುಗಳ ಹಾರ್ಮೋನು ಗುಣವೂ ಬಿಪಿಎಯಷ್ಟೇ ಇದೆಯೆಂದು 2015ರ ಹೊತ್ತಿಗೆ ಸಮೀಕ್ಷಾ ಪ್ರಬಂಧಗಳು ಹೇಳಿದವು. ಆ ಸಂಶಯ ಪಡಲು ಮಾದರಿಯೊಂದಕ್ಕೆ ಒಂದು ನಿಮಿಷವೂ ಬೇಡ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಬಿಪಿಎಯ ದಿನದ ಮಿತಿಯನ್ನು 20,000 ಪಟ್ಟು ಇಳಿಸಿತು. ಬದಲಿ ಅಣುಗಳ ಬಗ್ಗೆ ಅಷ್ಟೇ ವರ್ಷ ಕಾಯುವುದು ಅರ್ಥವಿಲ್ಲದ ಕೆಲಸ. ಹೊಸ ರಾಸಾಯನಿಕವನ್ನು ಕಾರ್ಖಾನೆಗೆ ತರಿಸುವ ಮುನ್ನ ಅದರ ಅಣುರಚನೆಯನ್ನು ಮಾದರಿಗೆ ಕೊಟ್ಟು ಕೇಳಬೇಕೆಂಬ ಒಂದೇ ನಿಯಮ ಇದ್ದಿದ್ದರೆ ಈ ಕಣ್ಣುಮುಚ್ಚಾಲೆ ಅರ್ಧಕ್ಕೆ ನಿಲ್ಲುತ್ತಿತ್ತು.

ಆದರೆ ಯಂತ್ರದ ‘ಹೌದು’ ಮತ್ತು ‘ಇಲ್ಲ’ ಒಂದೇ ತೂಕದವಲ್ಲ, ಮತ್ತು ಈ ಲೇಖನದ ವಾದವೆಲ್ಲ ನಿಂತಿರುವುದು ಇದರ ಮೇಲೆ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. 1,000 ರಾಸಾಯನಿಕಗಳಲ್ಲಿ 50 ನಿಜಕ್ಕೂ ಹಾರ್ಮೋನು ಕೆಡಿಸುವಂಥವು ಎಂದಿಟ್ಟುಕೊಳ್ಳಿ. ಎಲ್ಲಕ್ಕೂ ‘ಅಪಾಯವಿಲ್ಲ’ ಎಂದು ಕಣ್ಣುಮುಚ್ಚಿ ಹೇಳುವ ಯಂತ್ರವೂ ಶೇ 95ರಷ್ಟು ಸರಿಯಾಗಿರುತ್ತದೆ; ‘ನಮ್ಮ ಮಾದರಿಯ ನಿಖರತೆ ಶೇ 95’ ಎಂಬ ಜಾಹೀರಾತಿಗೆ ಇಷ್ಟೇ ಬೆಲೆ. ಈಗ ಕೆಟ್ಟದ್ದರಲ್ಲಿ ಶೇ 80ನ್ನು, ಒಳ್ಳೆಯದರಲ್ಲಿ ಶೇ 90ನ್ನು ಗುರುತಿಸುವ ಒಳ್ಳೆಯ ಮಾದರಿಯನ್ನು ತೆಗೆದುಕೊಳ್ಳಿ. ಅದು 40 ಅಪಾಯಕಾರಿಗಳನ್ನು ಹಿಡಿಯುತ್ತದೆ, 95 ನಿರಪಾಯಕಾರಿಗಳ ಮೇಲೂ ಕೈಯಿಡುತ್ತದೆ, 10 ಅಪಾಯಕಾರಿಗಳನ್ನು ಬಿಟ್ಟುಬಿಡುತ್ತದೆ. ಸಂಶಯಕ್ಕೆ ಸಿಕ್ಕ 135ನ್ನು ಪ್ರಯೋಗಾಲಯಕ್ಕೆ ಕಳಿಸಿದರೆ 95 ತಪ್ಪು ಆರೋಪಗಳು ಅಲ್ಲಿ ಬಿದ್ದುಹೋಗುತ್ತವೆ. 1,000 ಪರೀಕ್ಷೆಯ ಬದಲು 135 ಪರೀಕ್ಷೆಯ ಖರ್ಚು. ಆ ತಪ್ಪು ತಿದ್ದಿಕೊಳ್ಳುವಂಥದ್ದು. ಕೈತಪ್ಪಿದ 10ರ ವಿಷಯ ಹಾಗಲ್ಲ. ಅವುಗಳ ಕೊರಳಿಗೆ ಯಂತ್ರವೇ ಪ್ರಮಾಣಪತ್ರ ಕಟ್ಟಿದೆ, ಆದ್ದರಿಂದ ಮುಂದೆ ಯಾರೂ ನೋಡುವುದಿಲ್ಲ. ಪರೀಕ್ಷೆಯೇ ಆಗಿಲ್ಲದ ರಾಸಾಯನಿಕದ ಮೇಲೆ ಕನಿಷ್ಠ ಒಂದು ಅನುಮಾನವಾದರೂ ಉಳಿದಿರುತ್ತದೆ. ‘ಪರೀಕ್ಷಿಸಲಾಗಿದೆ, ಸುರಕ್ಷಿತ’ ಎಂಬ ಮುದ್ರೆ ಬಿದ್ದ ಮೇಲೆ ಅದೂ ಹೋಗುತ್ತದೆ. ಯಂತ್ರದ ‘ಹೌದು’ ಎಂಬುದನ್ನು ಸರದಿಯಲ್ಲಿ ಮುಂದಕ್ಕೆ ತಳ್ಳಲು ಬಳಸಬೇಕು. ‘ಇಲ್ಲ’ ಎಂಬುದನ್ನು ಸರದಿಯಿಂದ ಹೊರಗೆ ಹಾಕಲು ಬಳಸಬಾರದು.

ಇದು ಬರಿಯ ಅಂಕಿಗಳ ಚಮತ್ಕಾರವಲ್ಲ ಎಂಬುದಕ್ಕೆ ನಮ್ಮ ಹೊಲಗಳಲ್ಲೇ ಸಾಕ್ಷಿಯಿದೆ. ರೈತರು ‘ಎಂ-45’ ಎಂದು ಕರೆಯುವ ಮ್ಯಾಂಕೊಜೆಬ್ ಶಿಲೀಂಧ್ರನಾಶಕವನ್ನು ಆಲೂಗೆಡ್ಡೆ, ಟೊಮೆಟೊ, ದ್ರಾಕ್ಷಿ ಎಲ್ಲಕ್ಕೂ ಹೊಡೆಯುತ್ತಾರೆ. ಕೊಲ್ಲುವ ಪ್ರಮಾಣದ ಲೆಕ್ಕದಲ್ಲಿ ಅದು 5000 ಮಿಲಿಗ್ರಾಂ ದಾಟಿದ ಹಸಿರು ಗುಂಪಿನದು. ಯುರೋಪಿಯನ್ ಒಕ್ಕೂಟ 2020ರ ಡಿಸೆಂಬರ್‌ನಲ್ಲಿ ಇದರ ಪರವಾನಗಿ ಮುಂದುವರಿಸಲು ಒಪ್ಪಲಿಲ್ಲ. ಮನುಷ್ಯರ ಹಾರ್ಮೋನು ಕೆಡಿಸುತ್ತದೆ ಎಂಬುದು ಕೊಟ್ಟ ಕಾರಣಗಳಲ್ಲಿ ಒಂದು. ಅದೇ ವರ್ಷದ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಿಷೇಧಿಸಲು ಹೊರಟ 27 ಕೀಟನಾಶಕಗಳ ಕರಡಿನಲ್ಲಿ ಮ್ಯಾಂಕೊಜೆಬ್ ಇತ್ತು. 2023ರಲ್ಲಿ ಬಂದ ಆದೇಶದಲ್ಲಿ ನಿಷೇಧವಾದ ಬೆರಳೆಣಿಕೆಯ ಹೆಸರುಗಳಲ್ಲಿ ಅದು ಇರಲಿಲ್ಲ. ಈಗ ಇದನ್ನು ಯಂತ್ರಕ್ಕೆ ಕೊಟ್ಟರೆ ಏನಾಗುತ್ತದೆ? ಹೆಚ್ಚಿನ ಮಾದರಿಗಳು ಇದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಮ್ಯಾಂಕೊಜೆಬ್ ಎಂಬುದು ಮ್ಯಾಂಗನೀಸ್, ಸತು ಸೇರಿದ ಸರಪಳಿಯಂಥ ವಸ್ತು. ಲೋಹ ಸೇರಿದ್ದನ್ನೂ ಪಾಲಿಮರ್‌ಗಳನ್ನೂ ಮಿಶ್ರಣಗಳನ್ನೂ ದತ್ತಾಂಶ ಶುದ್ಧಿಯ ಹಂತದಲ್ಲೇ ತೆಗೆದುಹಾಕುವುದು ಈ ಕ್ಷೇತ್ರದ ರೂಢಿ. ಸಾಲದ್ದಕ್ಕೆ ಕೇಡು ಮಾಡುವುದು ಮ್ಯಾಂಕೊಜೆಬ್ ತಾನೇ ಅಲ್ಲ. ಅದು ದೇಹದಲ್ಲಿ ಒಡೆದಾಗ, ತರಕಾರಿಯ ಮೇಲೆ ಉಳಿದದ್ದು ಅಡುಗೆಯಲ್ಲಿ ಕುದಿದಾಗ, ಎಥಿಲೀನ್ ಥಯೋಯೂರಿಯಾ ಹುಟ್ಟುತ್ತದೆ. ಥೈರಾಯ್ಡ್ ಹಾರ್ಮೋನನ್ನು ಕಟ್ಟುವ ಕಿಣ್ವವನ್ನು ತಡೆಯುವುದು ಅದು. ಆ ಪುಟ್ಟ ಅಣುವನ್ನು ಕೊಟ್ಟು ಕೇಳಿದರೆ, ಥೈರಾಯ್ಡ್ ಕಿಣ್ವದ ಪರೀಕ್ಷೆಯಲ್ಲಿ ಪಳಗಿದ ಮಾದರಿ ಸರಿಯಾಗಿಯೇ ಉತ್ತರಿಸುತ್ತದೆ. ಆದರೆ ಯಾವುದನ್ನು ಕೇಳಬೇಕೆಂದು ಯಂತ್ರ ಹೇಳಿಕೊಡುವುದಿಲ್ಲ, ರಸಾಯನಶಾಸ್ತ್ರ ಬಲ್ಲ ಮನುಷ್ಯನೇ ಹೇಳಬೇಕು. ಪಡ್ರೆಯ ಹುಡುಗರ ಪ್ರಕರಣವೂ ಬೀಗದ್ದಕ್ಕಿಂತ ಹೆಚ್ಚಾಗಿ ಹಾರ್ಮೋನು ತಯಾರಾಗುವ ಜಾಗದ್ದು: ಮಿದುಳಿನ ಆಜ್ಞೆ ಜಾಸ್ತಿ, ಉತ್ಪಾದನೆ ಕಡಿಮೆ. ಗ್ರಾಹಕಕ್ಕೆ ಅಂಟುತ್ತದೆಯೇ ಎಂದಷ್ಟೇ ಕಲಿತ ಮಾದರಿಗೆ ಆ ಜಾಗದೊಳಗಿನ ಕೆಡುಕು ಕಾಣದು. ಯಂತ್ರಗಳ ಕಲಿಕೆಯೆಲ್ಲ ಈಸ್ಟ್ರೋಜನ್, ಆಂಡ್ರೋಜನ್ ಗ್ರಾಹಕಗಳ ಸುತ್ತ ದಟ್ಟವಾಗಿದೆ. ಥೈರಾಯ್ಡ್ ಮತ್ತು ಹಾರ್ಮೋನು ಉತ್ಪಾದನೆಯ ಕಡೆ ತೆಳು. ಅಪಾಯ ಅಲ್ಲಿ ಕಡಿಮೆಯೆಂದಲ್ಲ, ಅಲ್ಲಿ ಪರೀಕ್ಷೆ ಮಾಡುವುದು ಕಷ್ಟ.

ಮೈಸೂರಿನದೇ ಒಂದು ಉದ್ಯಮವನ್ನು ತೆಗೆದುಕೊಂಡರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಜಿಐ ಮಾನ್ಯತೆ ಪಡೆದ ಮೈಸೂರು ಊದುಬತ್ತಿಯ ಹೆಸರು ಗಂಧದ್ದಾದರೂ ಇಂದಿನ ಊದುಬತ್ತಿ ವ್ಯಾಪಾರದಲ್ಲಿ ಕಚ್ಚಾ ಬತ್ತಿಯನ್ನು ಅದ್ದುವ ಸುಗಂಧ ದ್ರಾವಣವನ್ನು ತೆಳುವಾಗಿಸಲು ಡೈಇಥೈಲ್ ಥ್ಯಾಲೇಟ್, ವ್ಯಾಪಾರದ ಮಾತಿನಲ್ಲಿ ಡಿಇಪಿ, ದೇಶದೆಲ್ಲೆಡೆ ಬಳಕೆಯಲ್ಲಿದೆ. ಥ್ಯಾಲೇಟ್ ಎಂದ ಕೂಡಲೇ ಹೌಹಾರುವವರಿದ್ದಾರೆ. ಆ ಕುಟುಂಬದ ಡಿಇಎಚ್‌ಪಿ ಗಂಡು ಭ್ರೂಣದ ಟೆಸ್ಟೊಸ್ಟೆರೋನನ್ನು ಕುಗ್ಗಿಸುವುದಕ್ಕೆ ಹೆಸರಾಗಿದೆ. ಆದರೆ 2000ದಲ್ಲಿ ಪ್ರಕಟವಾದ ಇಲಿಗಳ ಪ್ರಸಿದ್ಧ ಅಧ್ಯಯನದಲ್ಲಿ ಬಸುರಿ ಇಲಿಗಳಿಗೆ ಆರು ಬಗೆಯ ಅಣುಗಳನ್ನು ತಿನ್ನಿಸಿದಾಗ ಉದ್ದ ಬಾಲದ ಡಿಇಎಚ್‌ಪಿ ಮುಂತಾದ ಮೂರು ಗಂಡುಮರಿಗಳ ಬೆಳವಣಿಗೆ ಕೆಡಿಸಿದವು. ಗಿಡ್ಡ ಬಾಲದ ಡಿಇಪಿ ಕೆಡಿಸಲಿಲ್ಲ. ಒಂದೇ ಮನೆಹೆಸರಿನ ಅಣುಗಳಲ್ಲಿ ಬಾಲದ ಉದ್ದ, ಅದು ಜೋಡಣೆಯಾದ ಸ್ಥಾನ ಇಷ್ಟು ವ್ಯತ್ಯಾಸ ಮಾಡುತ್ತದೆ. ಹೆಸರು ನೋಡಿ ಬೆದರುವ ಮನುಷ್ಯನಿಗಿಂತ ರಚನೆ ನೋಡಿ ಕಲಿಯುವ ಯಂತ್ರ ಇಲ್ಲಿ ನ್ಯಾಯವಾಗಿ ನಡೆದುಕೊಳ್ಳಬಲ್ಲದು. ಇದು ಯಂತ್ರದ ಪರವಾದ ಮಾತು. ವಿರುದ್ಧದ ಮಾತೂ ಇದೇ ಊದುಬತ್ತಿಯಲ್ಲಿದೆ. ಥ್ಯಾಲೇಟುಗಳ ಕೇಡು ಗ್ರಾಹಕದ ಮೂಲಕ ಅಲ್ಲವಾದ್ದರಿಂದ ಸಾಮಾನ್ಯ ಕೋಶ ಪರೀಕ್ಷೆಗಳಲ್ಲಿ ಡಿಇಎಚ್‌ಪಿಯೂ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಜೊತೆಗೆ ಮನೆಯವರು ಉಸಿರಾಡುವುದು ಡ್ರಮ್ಮಿನಲ್ಲಿದ್ದ ದ್ರಾವಣವನ್ನಲ್ಲ, ಹೊಗೆಯನ್ನು. ಉರಿದಾಗ ಒಂದಷ್ಟು ಹಾಗೆಯೇ ಆವಿಯಾಗುತ್ತದೆ; ಇದ್ದಿಲು, ಜಿಗಟು, ಬಿದಿರಿನ ಕಡ್ಡಿ ಸುಟ್ಟು ಬಹುಉಂಗುರದ ಹೈಡ್ರೋಕಾರ್ಬನ್ನುಗಳು ಹುಟ್ಟುತ್ತವೆ. ತಯಾರಕರು ಕೊಡುವ ಪಟ್ಟಿಯಲ್ಲಿ ಇವು ಇರುವುದೇ ಇಲ್ಲ. ಭಾರತೀಯ ಮಾನಕ ಬ್ಯೂರೊ ಬಿಐಎಸ್ 2025ರ ಕೊನೆಗೆ ಊದುಬತ್ತಿಗೆಂದು ಹೊರತಂದ ಐಎಸ್ 19412 ಮಾನದಂಡ ಅಲೆಥ್ರಿನ್, ಸೈಪರ್‌ಮೆಥ್ರಿನ್, ಫಿಪ್ರೊನಿಲ್‌ನಂಥ ಕೀಟನಾಶಕಗಳನ್ನೂ ಕೆಲವು ಕೃತಕ ಸುಗಂಧ ರಾಸಾಯನಿಕಗಳನ್ನೂ ಬಳಸಕೂಡದೆಂದು ಹೇಳಿದೆ. ಒಳ್ಳೆಯ ಹೆಜ್ಜೆ. ಆದರೂ ನಿಷೇಧದ ಪಟ್ಟಿಗೆ ಒಂದು ಮಿತಿಯಿದೆ: ಅದರಲ್ಲಿ ಹೆಸರಿಲ್ಲದ ಮುಂದಿನ ಅಣು ತೆರೆದ ಬಾಗಿಲಿನಿಂದಲೇ ಒಳಬರುತ್ತದೆ.

ಇನ್ನು ಬೆರಕೆಯ ವಿಚಾರ. ಲಂಡನ್ನಿನ ಸಂಶೋಧಕರು 2002ರಲ್ಲಿ ಎಂಟು ದುರ್ಬಲ ಈಸ್ಟ್ರೋಜನ್‌ಸದೃಶ ರಾಸಾಯನಿಕಗಳನ್ನು, ಒಂದೊಂದೂ ಒಂಟಿಯಾಗಿ ಪರಿಣಾಮ ತೋರದಷ್ಟು ಸಣ್ಣ ಪ್ರಮಾಣದಲ್ಲಿ, ಬೆರೆಸಿ ನೋಡಿದಾಗ ಬೆರಕೆ ಪರಿಣಾಮ ತೋರಿತು. ನಮ್ಮ ರೈತರು ಒಂದೇ ಟ್ಯಾಂಕಿಗೆ ಎರಡು ಮೂರು ಔಷಧಿ ಕಲಸುವುದು ಸಾಮಾನ್ಯ. ಮಾದರಿಗಳೋ ಒಂದು ಸಲಕ್ಕೆ ಒಂದೇ ಅಣುವನ್ನು ಕೇಳುತ್ತವೆ.

ಇಷ್ಟು ಕುಂದು ಇರುವ ಯಂತ್ರವೇಕೆ, ಇಲಿಯ ಪರೀಕ್ಷೆಯೇ ಇರಲಿ ಎಂಬ ಆಕ್ಷೇಪ ಸಹಜ. ಇಲಿಯ ಪರೀಕ್ಷೆ ಚಿನ್ನದ ಗಟ್ಟಿಯೆಂಬ ನಂಬಿಕೆ ಇದರ ಬೆನ್ನಿಗಿದೆ. ಈಸ್ಟ್ರೋಜನ್ ಗುಣ ಪತ್ತೆಗೆ ಇಲಿಯ ಗರ್ಭಕೋಶದ ತೂಕ ನೋಡುವ ಪರೀಕ್ಷೆ ದಶಕಗಳಿಂದ ಇದೆ. ಅದರ ಪ್ರಕಟಿತ ಫಲಿತಾಂಶಗಳನ್ನೆಲ್ಲ 2016ರಲ್ಲಿ ಕಲೆಹಾಕಿ ನೋಡಿದವರು, ನಿಯಮದಂತೆ ಕನಿಷ್ಠ ಎರಡು ಸಲ ಪರೀಕ್ಷೆಯಾದ 70 ರಾಸಾಯನಿಕಗಳಲ್ಲಿ 18ರ ಫಲಿತಾಂಶ ಒಂದಕ್ಕೊಂದು ಹೊಂದುವುದಿಲ್ಲ ಎಂದು ಕಂಡರು. ಅಂದರೆ ನಾಲ್ಕರಲ್ಲಿ ಒಂದರ ವಿಷಯದಲ್ಲಿ ಇಲಿಯೇ ಇಲಿಗೆ ಒಪ್ಪುವುದಿಲ್ಲ. ಇಪಿಎ 2015ರಲ್ಲಿ 18 ಕೋಶ ಪರೀಕ್ಷೆಗಳ ಫಲವನ್ನು ಒಂದು ಗಣಿತ ಮಾದರಿಯಲ್ಲಿ ಸೇರಿಸಿ, ಈ ಗರ್ಭಕೋಶದ ಪರೀಕ್ಷೆಯೂ ಸೇರಿ ಮೊದಲ ಹಂತದ ಮೂರು ಪರೀಕ್ಷೆಗಳಿಗೆ ಬದಲಾಗಿ ಅದನ್ನು ಒಪ್ಪಲು ಮುಂದಾದದ್ದು ಸುಮ್ಮನೆ ಅಲ್ಲ. ಅದು ಕೂಡ ಈಸ್ಟ್ರೋಜನ್ ಎಂಬ ಒಂದೇ ದಾರಿಗೆ, ಕೋಶ ಪರೀಕ್ಷೆ ನಿಜವಾಗಿ ನಡೆದ ರಾಸಾಯನಿಕಕ್ಕೆ. ಬರಿಯ ಅಣುರಚನೆ ನೋಡಿ ಹೇಳಿದ ಭವಿಷ್ಯಕ್ಕೆ ಆ ಮನ್ನಣೆ ಸಿಕ್ಕಿಲ್ಲ, ಸಿಗಬಾರದು ಕೂಡ.

ಯಂತ್ರ ತನ್ನ ಉತ್ತರಕ್ಕೆ ಕಾರಣ ಕೊಡುವುದಿಲ್ಲ, ಅದನ್ನು ನ್ಯಾಯಾಲಯದಲ್ಲಿ ಹೇಗೆ ಎದುರಿಸುವುದು ಎಂದು ಉದ್ಯಮದ ಕಡೆಯವರು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆಯೇ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ ಒಇಸಿಡಿ 2004ರಲ್ಲೇ ಇಂಥ ಮಾದರಿಗಳಿಗೆ ಐದು ಷರತ್ತು ಹಾಕಿದೆ; ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆನಿಸುವುದು, ಮಾದರಿ ತನ್ನ ಸರಹದ್ದನ್ನು ಮೊದಲೇ ಹೇಳಬೇಕೆಂಬುದು. ತಾನು ಕಲಿತ ಅಣುಗಳನ್ನು ಹೋಲದ ಅಣು ಎದುರಾದಾಗ ‘ಇದು ನನಗೆ ಗೊತ್ತಿಲ್ಲ’ ಎನ್ನಲು ಬಲ್ಲ ಮಾದರಿ ಬೇಕು. ಗೊತ್ತಿಲ್ಲದ್ದನ್ನು ‘ಅಪಾಯವಿಲ್ಲ’ದ ಖಾತೆಗೆ ಹಾಕುವ ಮಾದರಿ ಬೇಡ. ಯಂತ್ರದ ಕೆಲಸ ಸರದಿ ನಿರ್ಧರಿಸುವುದಕ್ಕೆ ಸೀಮಿತವಾದರೆ ಕಾರಣ ಕೊಡುವ ಹೊಣೆಯೂ ಹಗುರಾಗುತ್ತದೆ, ಏಕೆಂದರೆ ಯಾರ ಪರವಾನಗಿಯೂ ಯಂತ್ರದ ಮಾತಿನಿಂದ ರದ್ದಾಗುವುದಿಲ್ಲ; ರದ್ದಾದರೆ ಪ್ರಯೋಗಾಲಯದ ಫಲಿತಾಂಶದಿಂದ. ಊದುಬತ್ತಿಯಂಥ ಉದ್ಯಮದಲ್ಲಿ ಸಣ್ಣ ತಯಾರಕರು, ಮನೆಯಲ್ಲಿ ಬತ್ತಿ ಹೊಸೆಯುವ ಹೆಂಗಸರು ಬಹಳ. ಖರ್ಚಿನ ಹೊರೆ ಅವರ ಮೇಲೆ ಬೀಳಬಾರದು ಎಂಬ ಮಾತನ್ನೂ ಒಪ್ಪುತ್ತೇನೆ. ಪರೀಕ್ಷೆಯ ಹೊಣೆ ಡ್ರಮ್ಮಿನಲ್ಲಿ ದ್ರಾವಣ ಮಾರುವವನ ಮೇಲೆ ಇರಬೇಕು, ಕಡ್ಡಿ ಅದ್ದುವವಳ ಮೇಲಲ್ಲ. ಹಾಗೆ ನೋಡಿದರೆ ದ್ರಾವಣವನ್ನು ಬರಿಗೈಯಲ್ಲಿ ಮುಟ್ಟಿ, ದಿನವಿಡೀ ಅದರ ಆವಿ ಕುಡಿಯುವವಳೇ ಇಲ್ಲಿ ಎಲ್ಲರಿಗಿಂತ ಹೆಚ್ಚು ಒಡ್ಡಿಕೊಂಡವಳು. ನಮಗೆ ತಾಕುವ ಪ್ರಮಾಣ ಲೆಕ್ಕಕ್ಕೇ ಬಾರದಷ್ಟು ಸಣ್ಣದು ಎಂಬ ಸಮಾಧಾನದ ಮಾತು ಆಕೆಯ ಪಾಲಿಗೆ ನಿಲ್ಲುವುದಿಲ್ಲ. ಹಾರ್ಮೋನಿನ ವಿಷಯದಲ್ಲಿ ಆ ಸಮಾಧಾನ ಬೇರೆಯವರಿಗೂ ಅಷ್ಟು ಗಟ್ಟಿಯಲ್ಲ. ದೇಹದ ಹಾರ್ಮೋನುಗಳು ಕೆಲಸ ಮಾಡುವುದೇ ಅತಿ ಸೂಕ್ಷ್ಮ ಪ್ರಮಾಣದಲ್ಲಿ.

ಭಾರತದಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಇಲ್ಲವೆಂದಲ್ಲ. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ಅರಿಜಿತ್ ಸಮಲ್ ಅವರ ತಂಡ 2019ರಲ್ಲಿ ಡಿಡಕ್ಟ್ ಎಂಬ ದತ್ತಕೋಶ ಕಟ್ಟಿತು. ಸಾವಿರಾರು ಪ್ರಬಂಧಗಳನ್ನು ಓದಿ, ಮನುಷ್ಯರಲ್ಲಿ ಅಥವಾ ಇಲಿಗಳಂಥ ಪ್ರಾಣಿಗಳಲ್ಲಿ ಹಾರ್ಮೋನು ಕೆಡಿಸಿದ ಸಾಕ್ಷ್ಯವಿರುವ 686 ರಾಸಾಯನಿಕಗಳನ್ನು, ಯಾವ ಪ್ರಮಾಣದಲ್ಲಿ ಏನು ಕೆಡಿಸಿದವು ಎಂಬುದರ ಸಮೇತ, ಸಾಕ್ಷ್ಯದ ಬಲಕ್ಕೆ ತಕ್ಕಂತೆ ವಿಂಗಡಿಸಿತು. ಎರಡನೆಯ ಆವೃತ್ತಿಯಲ್ಲಿ ಅದು 792ಕ್ಕೆ ಏರಿತು. ಯಾರು ಬೇಕಾದರೂ ನೋಡಬಹುದು. ಸೆರಾಪ್ ಮತ್ತು ಕಂಪಾರಾಗಳ ಒಟ್ಟು ಜ್ಞಾನವನ್ನು ಅಡಕಗೊಳಿಸಿದ ಒಪೆರಾ ಎಂಬ ತಂತ್ರಾಂಶವೂ ಉಚಿತ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ನಿಯಮಗಳ ಮಟ್ಟದಲ್ಲಿ 2018ರ ಆಹಾರ ಪ್ಯಾಕೇಜಿಂಗ್ ನಿಯಮಾವಳಿ ಡಬ್ಬಿಯಿಂದ ಆಹಾರಕ್ಕೆ ಇಳಿಯುವ ಡಿಇಎಚ್‌ಪಿಗೆ ಕಿಲೋಗೆ 1.5 ಮಿಲಿಗ್ರಾಂ ಮಿತಿ ಹಾಕಿದೆ, ಒಟ್ಟು ಇಳಿಕೆಗೆ 60 ಮಿಲಿಗ್ರಾಂ. ಹಾರ್ಮೋನಿನ ದೃಷ್ಟಿಯಿಂದ ಆ 60ರೊಳಗೆ ಏನೆಲ್ಲ ಅಡಗಿದೆ ಎಂಬುದೇ ಪ್ರಶ್ನೆ, ಮತ್ತು ಯಂತ್ರ ತಕ್ಷಣ ಉಪಯೋಗಕ್ಕೆ ಬರುವ ಜಾಗವೂ ಅದೇ.

ನಮ್ಮಲ್ಲಿ ಇಲ್ಲದ್ದು ನಮ್ಮ ಬಳಕೆಯ ರಾಸಾಯನಿಕಗಳ ಪಟ್ಟಿ. ಅಮೆರಿಕದ ಮಾದರಿಗಳು ಕಲಿತದ್ದು ಅಲ್ಲಿನ ಔಷಧಿ, ಅಲ್ಲಿನ ಪ್ಲಾಸ್ಟಿಕ್, ಅಲ್ಲಿನ ಕೀಟನಾಶಕಗಳಿಂದ. ಊದುಬತ್ತಿಯ ಹೊಗೆ, ಟ್ಯಾಂಕಿನಲ್ಲಿ ಕಲಸಿದ ಔಷಧಿ, ಮರುಬಳಕೆಯ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಕೊಟ್ಟ ಬಿಸಿ ಸಾಂಬಾರು ಅವುಗಳ ಪಾಠದಲ್ಲಿ ಇರಲಿಲ್ಲ. ಈ ಪಾಠ ಹೇಳಿಕೊಡಲು ಮೈಸೂರಿಗಿಂತ ತಕ್ಕ ಊರು ಸುಲಭವಾಗಿ ಸಿಗದು. ಚೆಲುವಾಂಬ ವಿಲಾಸದಲ್ಲಿ 1950ರಿಂದ ನೆಲೆಸಿರುವ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಆಹಾರದಲ್ಲಿನ ಕೀಟನಾಶಕದ ಉಳಿಕೆ ಅಳೆಯುವುದೂ ಪ್ಯಾಕೇಜಿಂಗ್ ಪರೀಕ್ಷಿಸುವುದೂ ಹಳೆಯ ಕಸುಬು. ವಿವಾದಕ್ಕೆ ಬಂದ ಆಹಾರ ಮಾದರಿಗಳನ್ನು ಮೇಲ್ಮನವಿಯಲ್ಲಿ ನೋಡುವ ಪ್ರಯೋಗಾಲಯವೂ ಅಲ್ಲಿದೆ. ನಗರದ ವಿಶ್ವವಿದ್ಯಾಲಯಗಳಲ್ಲಿ ರಸಾಯನಶಾಸ್ತ್ರ, ಪ್ರಾಣಿಶಾಸ್ತ್ರ, ಗಣಕ ವಿಜ್ಞಾನ ಕಲಿಯುವವರಿಗೆ ಬರವಿಲ್ಲ. ಇವರೆಲ್ಲ ಸೇರಿ ಮೊದಲು ಊದುಬತ್ತಿ ದ್ರಾವಣ, ಆಹಾರದ ಪೊಟ್ಟಣ, ಬಂಡಿಪಾಳ್ಯಕ್ಕೆ ಬರುವ ತರಕಾರಿ, ಈ ಮೂರರಲ್ಲಿ ನಿಜವಾಗಿ ಇರುವ ರಾಸಾಯನಿಕಗಳ ಪಟ್ಟಿ ಮಾಡಲಿ. ಮೂಲ ಅಣುವಿನ ಜೊತೆಗೆ ಅದು ಕುದಿದಾಗ, ಉರಿದಾಗ, ಪಿತ್ತಜನಕಾಂಗದಲ್ಲಿ ಒಡೆದಾಗ ಹುಟ್ಟುವ ಅಣುಗಳನ್ನೂ ಬರೆಯಲಿ. ಪಟ್ಟಿಯನ್ನು ಯಂತ್ರಕ್ಕೆ ಕೊಟ್ಟು, ಅದು ‘ಹೌದು’ ಎಂದವನ್ನೂ ‘ಗೊತ್ತಿಲ್ಲ’ ಎಂದವನ್ನೂ ಕೋಶ ಪರೀಕ್ಷೆಗೆ ಕಳಿಸಲಿ. ‘ಇಲ್ಲ’ ಎಂದವುಗಳಲ್ಲೂ ಕೆಲವನ್ನು ಚೀಟಿ ಎತ್ತಿ ಪರೀಕ್ಷಿಸಲಿ. ಪರಿಣಾಮ ಕಾಣದ ಫಲಿತಾಂಶವನ್ನು ಕಪಾಟಿನಲ್ಲಿ ಇಡದೆ ಪ್ರಕಟಿಸಲಿ, ಏಕೆಂದರೆ ನಿರಪಾಯದ ಉದಾಹರಣೆ ಇಲ್ಲದೆ ಯಾವ ಮಾದರಿಯೂ ಕಲಿಯುವುದಿಲ್ಲ. ಊದುಬತ್ತಿ ತಯಾರಕರ ಸಂಘಗಳು ಸುಗಂಧದ ಗುಟ್ಟನ್ನು ಬಿಟ್ಟುಕೊಡಬೇಕಾಗಿಲ್ಲ; ತೆಳುವಾಗಿಸಲು ಬಳಸುವ ದ್ರಾವಕದ ಹೆಸರನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿದರೆ ಕೆಲಸ ಶುರುವಾಗುತ್ತದೆ. ಅದಕ್ಕೆ ದೆಹಲಿಯ ಕಾನೂನು ಬರುವವರೆಗೆ ಕಾಯಬೇಕೆಂದೇನೂ ಇಲ್ಲ.